ತಂತ್ರಾಂಶಕ್ಕೂ ಸಾಲವಿದೆ, ಸಾಲಕ್ಕೆ ಬಡ್ಡಿಯೂ ಇದೆ

ಬ್ಯಾಂಕಿಗೋ ಗ್ಯಾಸ್ ಏಜೆನ್ಸಿಗೋ ಹೋಗಿ ‘ನಮ್ಮ ವಿಳಾಸ ಬದಲಾಗಿದೆ’ ಎಂದು ನೀವು ಎಂದಾದರೂ ಬರೆದುಕೊಟ್ಟಿರಬಹುದು. ಕೌಂಟರಿನಲ್ಲಿ ಕುಳಿತವರು ತಿದ್ದಿಕೊಳ್ಳುತ್ತಾರೆ. ಆದರೂ ಮುಂದಿನ ಕಾಗದ ಹಳೆಯ ವಿಳಾಸಕ್ಕೇ ಹೋಗುತ್ತದೆ. ವಿಚಾರಿಸಿದರೆ ‘ಸಿಸ್ಟಮ್ಮಿನಲ್ಲಿ ಹಾಗೇ ಬರುತ್ತದೆ ಸಾರ್’ ಎಂಬ ಉತ್ತರ ಸಿಗುತ್ತದೆ. ತಪ್ಪು ಯಾವಾಗಲೂ ಗುಮಾಸ್ತರದ್ದಲ್ಲ. ಎಷ್ಟೋ ಸಲ ಅದು, ಸಂಸ್ಥೆಯು ವರ್ಷಗಟ್ಟಲೆ ತೀರಿಸದೆ ಬಿಟ್ಟ ಒಂದು ಸಾಲದ ಬಡ್ಡಿ. ಕಂಪ್ಯೂಟರ್ ತಜ್ಞರು ಇದನ್ನು ‘ತಾಂತ್ರಿಕ ಸಾಲ’ ಎನ್ನುತ್ತಾರೆ.

ಈ ಹೋಲಿಕೆಯನ್ನು 1992ರಲ್ಲಿ ಬಳಕೆಗೆ ತಂದವರು ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್. ಹೂಡಿಕೆಗಳ ಲೆಕ್ಕ ಇಡುವ ‘ವೈಕ್ಯಾಶ್’ ಎಂಬ ತಂತ್ರಾಂಶದ ಅನುಭವ ವಿವರಿಸುವಾಗ ಅವರು ಈ ಮಾತು ಹೇಳಿದರು. ಅದರ ಸಾರ ಇಷ್ಟು: ಮೊದಲ ಸಲಕ್ಕೆ ಬರೆದದ್ದನ್ನೇ ಬಳಕೆಗೆ ಬಿಡುವುದು ಸಾಲ ಮಾಡಿದಂತೆ, ಅದರಿಂದ ಕೆಲಸ ಬೇಗ ಸಾಗುತ್ತದೆ, ಆದರೆ ಆಮೇಲೆ ಕುಳಿತು ತಿದ್ದಿ ಬರೆದು ತೀರಿಸಬೇಕು. ಬಿತ್ತನೆಗೆ ಸಾಲ ತೆಗೆದು ಸುಗ್ಗಿಯಲ್ಲಿ ತೀರಿಸುವ ರೈತನನ್ನು ಯಾರೂ ದೂರುವುದಿಲ್ಲ. ತೀರಿಸದೆ ಬಿಟ್ಟಾಗಲೇ ತೊಂದರೆ.

ಒಂದು ಕಂಪೆನಿಯನ್ನು ಊಹಿಸಿಕೊಳ್ಳಿ. ಗ್ರಾಹಕರ ದಾಖಲೆ ಇಡುವ ತಂತ್ರಾಂಶದಲ್ಲಿ ಒಬ್ಬರಿಗೆ ಒಂದೇ ದೂರವಾಣಿ ಸಂಖ್ಯೆಗೆ ಜಾಗ ಇಟ್ಟಿದ್ದರು. ಮೊಬೈಲ್ ಬಂತು. ಹೊಸ ಜಾಗ ಮಾಡಲು ಪುರುಸೊತ್ತಿಲ್ಲದೆ ಎರಡನೆಯ ಸಂಖ್ಯೆಯನ್ನು ವಿಳಾಸದ ಕೊನೆಯ ಸಾಲಿನಲ್ಲಿ ತುಂಬಿದರು. ಲಕೋಟೆಗಳ ಮೇಲೆ ಆ ಸಂಖ್ಯೆ ಅಚ್ಚಾಗತೊಡಗಿತು. ಅದನ್ನು ತಡೆಯಲು ‘ವಿಳಾಸದಲ್ಲಿ 10 ಅಂಕಿ ಕಂಡರೆ ಬಿಟ್ಟುಬಿಡು’ ಎಂದು ಇನ್ನೊಂದು ತೇಪೆ ಹಾಕಿದರು. ದಸರಾ ರಿಯಾಯಿತಿಗೆಂದು ಸೇರಿಸಿದ ಸಾಲುಗಳು ಹಬ್ಬ ಮುಗಿದ ಮೇಲೂ ಅಲ್ಲೇ ಉಳಿದವು. ಕೆ. ರಾಮಪ್ಪ, ರಾಮಪ್ಪ ಕೆ. ಎಂದು ಒಬ್ಬರೇ ಇಬ್ಬರಾದರು. ಒಂದು ಕಡೆ ವಿಳಾಸ ತಿದ್ದಿದರೆ ಇನ್ನೊಂದು ಕಡೆ ಹಳೆಯದೇ ಉಳಿಯಿತು. ಇದನ್ನೆಲ್ಲ ಬರೆದವರು ಕೆಲಸ ಬಿಟ್ಟು ಹೋದರು. ಈಗ ಎರಡು ದಿನದ ಬದಲಾವಣೆಗೆ ಎರಡು ವಾರ ಬೇಕು, ಏಕೆಂದರೆ ಯಾವ ತೇಪೆ ಕಿತ್ತರೆ ಎಲ್ಲಿ ಹರಿಯುತ್ತದೋ ಯಾರಿಗೂ ತಿಳಿಯದು. ಆ ಹೆಚ್ಚಿನ ದಿನಗಳೇ ಬಡ್ಡಿ.

ಜಗತ್ತೇ ಕೂಡಿ ತೀರಿಸಿದ ಇಂಥ ಸಾಲವೊಂದಿದೆ. ಕಂಪ್ಯೂಟರಿನ ಸ್ಮರಣೆ ದುಬಾರಿಯಾಗಿದ್ದ ಕಾಲದಲ್ಲಿ ವರ್ಷವನ್ನು ಕೊನೆಯ ಎರಡು ಅಂಕಿಗಳಲ್ಲಿ ಬರೆದಿಡುವ ರೂಢಿ ಬಂತು. ಆಗ ಅದು ಜಾಣತನವೇ. ಆದರೆ 2000ನೆಯ ಇಸವಿ ಹತ್ತಿರ ಬಂದಾಗ ‘00’ ಎಂದರೆ 1900 ಎಂದು ಯಂತ್ರ ತಿಳಿದೀತೆಂಬ ಭಯ ಹುಟ್ಟಿತು. 1990ರ ದಶಕದ ಕೊನೆಯಲ್ಲಿ ಈ ಹಳೆಯ ಪ್ರೋಗ್ರಾಂಗಳನ್ನು ಸಾಲುಸಾಲಾಗಿ ಓದಿ ತಿದ್ದುವ ಕೆಲಸ ಬೆಂಗಳೂರಿನ ಕಂಪೆನಿಗಳಿಗೂ ಬಂತು. ಅನೇಕ ಯುವ ಎಂಜಿನಿಯರುಗಳು ಅಂದು ದುಡಿದದ್ದು ಅನ್ಯರ ಹಳೆಯ ಸಾಲ ತೀರಿಸಲೆಂದೇ.

ಹಾಗಾದರೆ ಹಳೆಯದನ್ನೆಲ್ಲ ಕಿತ್ತೆಸೆದು ಹೊಸದನ್ನು ತಂದರಾಗದೇ? ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಕಥೆ ಕೇಳಿ. ಲಾಯ್ಡ್ಸ್ ಬ್ಯಾಂಕಿನಿಂದ ಬೇರೆಯಾದ ಮೇಲೂ ಅದು ಲಾಯ್ಡ್ಸ್‌ನ ಕಂಪ್ಯೂಟರ್ ವ್ಯವಸ್ಥೆಯನ್ನೇ ಬಳಸುತ್ತಿತ್ತು. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಸುಮಾರು 52 ಲಕ್ಷ ಗ್ರಾಹಕರ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ದಾಖಲೆಗಳೇನೋ ಸರಿಯಾಗಿ ದಾಟಿದವು. ಕೈಕೊಟ್ಟದ್ದು ಹೊಸ ವ್ಯವಸ್ಥೆ. ಸುಮಾರು 19 ಲಕ್ಷ ಜನ ಕಂಪ್ಯೂಟರ್, ಮೊಬೈಲುಗಳಲ್ಲಿ ತಮ್ಮ ಖಾತೆಯನ್ನೇ ತೆರೆಯಲಾಗದೆ ಪರದಾಡಿದರು. ಎಲ್ಲವೂ ಮಾಮೂಲಿಗೆ ಬರಲು ಡಿಸೆಂಬರ್ ಆಯಿತು. 2022ರಲ್ಲಿ ನಿಯಂತ್ರಣ ಸಂಸ್ಥೆಗಳು ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡುಗಳಿಗೂ ಹೆಚ್ಚು ದಂಡ ವಿಧಿಸಿದವು. ಹಳೆಯದನ್ನು ಬಿಡುವುದು ಅಗತ್ಯವೇ ಇರಬಹುದು. ಆದರೆ ಸಾಕಷ್ಟು ಪರೀಕ್ಷಿಸದೆ ಒಂದೇ ಏಟಿಗೆ ದಾಟುವುದು ಅಪಾಯ.

ತೀರಿಸುವ ಕ್ರಮ ಬೇರೆ. ಮೊದಲು ಸಾಲದ ಪಟ್ಟಿ ಬರೆಯಬೇಕು: ಯಾವ ತೇಪೆ ಎಲ್ಲಿದೆ, ಅದರಿಂದ ತಿಂಗಳಿಗೆ ಎಷ್ಟು ದಿನದ ಕೆಲಸ ಹಾಳಾಗುತ್ತಿದೆ? ಹೆಚ್ಚು ಬಡ್ಡಿಯ ಸಾಲ ಮೊದಲು ತೀರಲಿ. ಯಾರೂ ಮುಟ್ಟದೆ ಸುಮ್ಮನೆ ನಡೆಯುತ್ತಿರುವ ಭಾಗಕ್ಕೆ ಅವಸರವಿಲ್ಲ. ಎರಡನೆಯದಾಗಿ, ತಿದ್ದುವ ಮುನ್ನ ಪರೀಕ್ಷೆಗಳನ್ನು ಬರೆದಿಡಬೇಕು. ಈ ವಿವರ ಕೊಟ್ಟರೆ ಈ ಬಿಲ್ಲೇ ಬರಬೇಕು ಎಂದು ಯಂತ್ರವೇ ಪ್ರತಿ ಸಲ ತಾಳೆ ನೋಡಿದರೆ, ತಿದ್ದುವವರ ಕೈ ನಡುಗುವುದಿಲ್ಲ. ಮೂರನೆಯದಾಗಿ, ಜೋಡಿ ದಾಖಲೆಗಳನ್ನು ಒಂದು ಮಾಡಬೇಕು. ಆದರೆ ಹೆಸರು ಒಂದೇ ಎಂದು ಅಪ್ಪ-ಮಗನನ್ನೋ ಅಕ್ಕಪಕ್ಕದವರನ್ನೋ ಕೂಡಿಸಿಬಿಡಬಾರದು. ಜನ್ಮದಿನಾಂಕ, ದೂರವಾಣಿ, ವಿಳಾಸ ಹೊಂದಿಸಿ ನೋಡಿ, ಅನುಮಾನವಿದ್ದರೆ ಗ್ರಾಹಕರನ್ನೇ ಕೇಳಿ, ಹಳೆಯ ಪ್ರತಿಯನ್ನು ತೆಗೆದಿಟ್ಟೇ ಮುಂದುವರಿಯಬೇಕು.

ಕೊನೆಯದಾಗಿ, ದೊಡ್ಡ ವ್ಯವಸ್ಥೆಯನ್ನು ಭಾಗಭಾಗವಾಗಿ ಬದಲಿಸಬೇಕು. 2004ರಲ್ಲಿ ಮಾರ್ಟಿನ್ ಫೌಲರ್ ಎಂಬ ತಜ್ಞರು ಇದಕ್ಕೆ, ಇನ್ನೊಂದು ಮರವನ್ನು ಅಪ್ಪಿ ಬೆಳೆಯುವ ಅತ್ತಿ ಜಾತಿಯ ಮರದ ಹೋಲಿಕೆ ಕೊಟ್ಟರು. ನಮ್ಮ ಆಲವೂ ಅಂಥದೇ. ಹಕ್ಕಿ ಹಾಕಿದ ಬೀಜ ತಾಳೆಯ ಮರದ ಮೇಲೆ ಮೊಳೆತು, ಬೇರು ಇಳಿಬಿಟ್ಟು, ಕಡೆಗೆ ತಾಳೆ ಅಳಿದರೂ ಆಲ ತಾನೇ ನಿಲ್ಲುತ್ತದೆ. ಹಾಗೆಯೇ ಮೊದಲು ವಿಳಾಸದ ಕೆಲಸ, ಆಮೇಲೆ ದೂರುಗಳ ಕೆಲಸ, ಆಮೇಲೆ ಬಿಲ್ಲಿನ ಕೆಲಸ ಹೊಸದಕ್ಕೆ ಬರಲಿ. ಒಂದು ಹೆಜ್ಜೆ ತಪ್ಪಿದರೆ ಹಿಂದಿಡಬೇಕಾದದ್ದೂ ಒಂದೇ ಹೆಜ್ಜೆ.

ಇದಕ್ಕೆ ದೊಡ್ಡ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಬೇಕಾದದ್ದು ಆಡಳಿತದ ಮನಸ್ಸು. ಹೊಸ ಸೌಲಭ್ಯ ಎಲ್ಲರ ಕಣ್ಣಿಗೆ ಬೀಳುತ್ತದೆ, ತೀರಿದ ಸಾಲ ಯಾರಿಗೂ ಕಾಣದು. ನೀವು ಹಾಲಿನ ಸಂಘವನ್ನೋ ಸಹಕಾರಿ ಬ್ಯಾಂಕನ್ನೋ ಸಣ್ಣ ಅಂಗಡಿಯನ್ನೋ ನಡೆಸುವವರಾದರೆ, ತಂತ್ರಾಂಶ ಮಾಡಿಕೊಡುವವರಿಗೆ ಮೂರು ಪ್ರಶ್ನೆ ಹಾಕಿ: ನಮ್ಮ ದಾಖಲೆಗಳನ್ನು ಬೇಕೆಂದಾಗ ಪೂರ್ತಿ ಹೊರಗೆ ತೆಗೆದುಕೊಳ್ಳಬಹುದೇ? ಯಾವ ಭಾಗ ಏನು ಮಾಡುತ್ತದೆಂದು ಬರೆದಿಟ್ಟಿದ್ದೀರಾ? ವರ್ಷದಲ್ಲಿ ಎಷ್ಟು ದಿನ ಹಳೆಯದನ್ನು ಸರಿಪಡಿಸಲು ಮೀಸಲಿಡುತ್ತೀರಿ? ಈ ಮೂರಕ್ಕೂ ನೇರವಾದ ಉತ್ತರ ಬಂದ ಮೇಲೆ ಸಹಿ ಹಾಕಿ.