ಸೋಪು ತಾಗಿದರೆ ಅರಿಶಿನ ಕೆಂಪಾಗೋದು ಯಾಕೆ?

ಮೂಡಿಗೆರೆಯಲ್ಲಿ ಮಳೆ ಹಿಡೀತು ಅಂದ್ರೆ ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ಶಾಲೆಗೂ ರಜೆ. ಹೋದ ಮಳೆಗಾಲದಲ್ಲಿ ಅಕ್ಕನ ಮಗಳು ಹೀಗೇ ಮನೇಲಿ ಕೂತು ನನ್ನ ತಲೆ ತಿಂತಿದ್ಲು. ಅಡುಗೆಮನೆಗೆ ಕರ್ಕೊಂಡು ಹೋದೆ. ನಾನು ಓದಿದ್ದು ಬಿ.ಕಾಂ., ಕೆಮಿಸ್ಟ್ರಿ ನನಗೆ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು!

ಒಂದು ಚಮಚ ಅರಿಶಿನವನ್ನ ಸ್ವಲ್ಪ ನೀರಲ್ಲಿ ಕಲಸಿ, ಬಿಳಿ ಕಾಗದಕ್ಕೆ ಬಳಿದು ಒಣಗಿಸಿದ್ವಿ. ಅದರ ಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಬಿಟ್ವಿ. ಏನೂ ಆಗಲಿಲ್ಲ, ಇಬ್ಬರೂ ಪೆಚ್ಚಾದ್ವಿ. ಅಂಥ ಲಿಕ್ವಿಡ್‌ಗಳಲ್ಲಿ ಎಷ್ಟೋ ಸಲ ಕ್ಷಾರ ಇರೋದೇ ಕಡಿಮೆ. ಆಮೇಲೆ ಬಟ್ಟೆ ಸೋಪಿನ ನೀರು ಒಂದು ಹನಿ ಬಿಟ್ಟರೆ, ಹಳದಿ ಹೋಗಿ ಕೆಂಪು! ಅಲ್ಲೇ ಹೇರಳೆಕಾಯಿ ರಸ ಹಿಂಡಿದ್ವಿ. ಮತ್ತೆ ಹಳದಿ.

ಅರಿಶಿನಕ್ಕೆ ಬಣ್ಣ ಕೊಡೋದು ಕರ್ಕ್ಯುಮಿನ್. ಹುಳಿಯಲ್ಲಿ ಅದು ಹಳದಿ. ಕ್ಷಾರ ಸಿಕ್ಕರೆ ಅದರ ಅಣುವಿನಿಂದ ಹೈಡ್ರೋಜನ್ ಕಳಚಿಕೊಳ್ಳುತ್ತೆ, ಬೆಳಕು ಹೀರೋ ರೀತಿ ಬದಲಾಗಿ ಕೆಂಪು ಕಾಣುತ್ತೆ. ಹುಳಿ ಹಾಕಿದರೆ ಹೈಡ್ರೋಜನ್ ವಾಪಸ್. ಮದುವೆಮನೆ ಆರತಿ ತಟ್ಟೆಯ ಕೆಂಪು ನೀರೂ ಇದೇ, ಅರಿಶಿನದ ಜೊತೆ ಸುಣ್ಣ.

ಸುಣ್ಣ ಅಂದಾಗ ಒಂದು ನಿಮಿಷ ನಿಲ್ಲಿ. ಅದರಲ್ಲಿ ಬಣ್ಣ ಇನ್ನೂ ಜೋರಾಗಿ ಬರುತ್ತೆ, ನಿಜ. ಆದರೆ ಎಲೆಅಡಿಕೆಯ ಸುಣ್ಣದ ಡಬ್ಬಿ, ಪ್ಯಾಕೆಟ್ ಮಕ್ಕಳ ಕೈಗೆ ಖಂಡಿತ ಬೇಡ. ಪ್ಯಾಕೆಟ್ ಹಿಸುಕಿದಾಗ ಸಿಡಿದು ಕಣ್ಣಿಗೆ ಬಿದ್ದರೆ ಕಣ್ಣೇ ಸುಟ್ಟು ದೃಷ್ಟಿ ಹೋಗಬಹುದು. ಹಾಗೇನಾದ್ರೂ ಆದರೆ ತಕ್ಷಣ ರೆಪ್ಪೆ ಬಿಡಿಸಿ, ಶುದ್ಧ ನೀರಲ್ಲಿ ಕನಿಷ್ಠ 20 ನಿಮಿಷ ಬಿಡದೆ ತೊಳೆದು ಕಣ್ಣಿನ ಡಾಕ್ಟರ್ ಹತ್ರ ಓಡಿ. ಕಾಗದದ ಮೇಲೆ ಮಾಡಿದ ಹಾಗೆ ಹುಳಿ ಹಾಕಿ ಸರಿ ಮಾಡೋಕೆ ಮಾತ್ರ ಹೋಗಬೇಡಿ.

ಇದೇ ಹುಳಿ-ಕ್ಷಾರದ ಲೆಕ್ಕ ನಮ್ಮ ತೋಟದಲ್ಲೂ ಇದೆ. ಅಡಿಕೆ ಕೊಳೆರೋಗಕ್ಕೆ ಹೊಡೆಯೋ 1% ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದ ನೀರು ಹುಳಿ. ಸುಣ್ಣ ಸಾಲದಿದ್ರೆ ಗಿಡ ಸುಡುತ್ತೆ. ಅದಕ್ಕೇ ಹೊಡೆಯೋ ಮುಂಚೆ ಚೆನ್ನಾಗಿ ಉಜ್ಜಿದ ಕತ್ತಿ ಅದ್ದಿ ನೋಡೋದು. ಕಬ್ಬಿಣದ ಮೇಲೆ ತಾಮ್ರ ಕೆಂಪಗೆ ಕೂತರೆ ಇನ್ನೂ ಸುಣ್ಣ ಬೇಕು. ಮೈಲುತುತ್ತ ವಿಷ, ಹಾಗಾಗಿ ಮಕ್ಕಳು ದೂರದಿಂದಲೇ ನೋಡಲಿ.

ನಮ್ಮ ಪುಟ್ಟಿ ಈಗ ಶಾಂಪೂ, ಟೂತ್‌ಪೇಸ್ಟ್, ಕೊನೆಗೆ ಅಜ್ಜನ ಲೋಟದ ಕಾಫಿವರೆಗೂ ಪರೀಕ್ಷೆ ಮಾಡಿದ್ದಾಳೆ. ಕಾಫಿಗೆ ಕಾಗದ ಕೆಂಪಾಗಲಿಲ್ಲ. ಯಾಕೆ ಅಂತ ಅಜ್ಜನಿಗೆ ಅವಳೇ ವಿವರಿಸಿದ್ಲು: "ಕಾಫಿ ಹುಳಿ ಅಜ್ಜ!"