ಉದ್ದ ಕೇಳಬೇಡ, ಎತ್ತರ ಕೇಳು

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತದ ತುದಿಗೆ ಸುಮಾರು 13 ಕಿ.ಮೀ. ಬೆಂಗಳೂರಿನಲ್ಲಿ ಓಟದ ಸ್ಪರ್ಧೆಗಳಿಗೆ ಹೋಗುವ ಅಕ್ಕನ ಮಗಳು ಈ ಅಂಕಿ ಕೇಳಿ, "ಅಷ್ಟೇನಾ ಚಿಕ್ಕಮ್ಮ? ಒಂದೂವರೆ ಗಂಟೆ ಸಾಕು" ಅಂದಳು. ಡಾಂಬರು ರಸ್ತೆಯಲ್ಲಾದರೆ ಓಡಿಯೇ ತೋರಿಸಿಯಾಳು. ನಾನು ಸುಳ್ಯದ ಕಡೆಯವಳು, ಗುಡ್ಡ ಹತ್ತಿಳಿದೇ ಬೆಳೆದವಳು. "ಉದ್ದ ಕೇಳಬೇಡ ಮಾರಾಯ್ತಿ, ಎತ್ತರ ಕೇಳು" ಅಂದೆ.

ಕುಕ್ಕೆ ಇರುವುದು ಸಮುದ್ರಮಟ್ಟದಿಂದ ನೂರು ಮೀಟರಿಗೆ ಸ್ವಲ್ಪ ಮೇಲೆ. ಪರ್ವತದ ತುದಿ 1,712 ಮೀಟರ್. ಅಂದರೆ ಸುಮಾರು 1,600 ಮೀಟರ್ ಏರು. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಾರೋಹಿ ಇಂಥದ್ದಕ್ಕೆ ಒಂದು ಲೆಕ್ಕ ಕೊಟ್ಟ: ಗಂಟೆಗೆ ಐದು ಕಿ.ಮೀ. ನಡಿಗೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಂತೆ ನಮ್ಮ ಪರ್ವತಕ್ಕೆ ಐದು ಗಂಟೆಗೂ ಮಿಕ್ಕಿ ಬೇಕು. ಅದೂ ಕೂರದೆ, ನೀರು ಕುಡಿಯದೆ, ಫೋಟೊ ತೆಗೆಯದೆ. ಕಾಡುಹಾದಿಯ ಓಟಗಾರರದ್ದು ಇನ್ನೂ ಸರಳ ಲೆಕ್ಕ. ನೂರು ಮೀಟರ್ ಏರಿದರೆ ಒಂದು ಕಿ.ಮೀ. ಹೆಚ್ಚು ಓಡಿದಂತೆ. ಹದಿಮೂರಕ್ಕೆ ಹದಿನಾರು ಕೂಡಿಸಿದರೆ ಇಪ್ಪತ್ತೊಂಬತ್ತು. ಅಕ್ಕನ ಮಗಳು ಸುಮ್ಮನಾದಳು.

ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಹಾದು ಮೋಂ ಬ್ಲಾಂ ಪರ್ವತವನ್ನು ಸುತ್ತುವ ಒಂದು ಓಟ 2003ರಿಂದ ನಡೆಯುತ್ತಿದೆ. ಉದ್ದ 170 ಕಿ.ಮೀ. ಆಸುಪಾಸು, ಏರು ಸುಮಾರು 10,000 ಮೀಟರ್. ಹೆಸರಿಗೆ ಓಟವಾದರೂ ಕಡಿದಾದ ಏರಿನಲ್ಲಿ ಹೆಚ್ಚಿನವರು ನಡೆಯುವವರೇ, ಕೆಲವರು ತೊಡೆಯ ಮೇಲೆ ಕೈಯೂರಿಕೊಂಡು. ಏರಿನಲ್ಲಿ ನಡೆದರೆ ಮರ್ಯಾದೆ ಹೋಯಿತೆನ್ನುವ ನಮ್ಮ ಹುಡುಗರು ಇದನ್ನು ಒಮ್ಮೆ ನೋಡಬೇಕು.

ಕುಮಾರಪರ್ವತದ ದಾರಿಯಲ್ಲಿ ಎತ್ತರದ ಜೊತೆಗೆ ನೆಲವೂ ಬದಲಾಗುತ್ತ ಹೋಗುತ್ತದೆ. ಮೊದಲು ದಟ್ಟ ಕಾಡು: ಬೇರುಗಳೇ ಮೆಟ್ಟಿಲು, ಅದರ ಮೇಲೆ ತರಗೆಲೆ, ಗಾಳಿಯಾಡದ ಬೆವರು. ಮಳೆ ಬಿದ್ದಿದ್ದರೆ ಇಂಬಳದ ಉಪದ್ರ ಬೇರೆ. ಗಿರಿಗದ್ದೆಯ ಭಟ್ಟರ ಮನೆ ಬರುವಷ್ಟರಲ್ಲಿ ಅರ್ಧ ದಾರಿ ಸವೆದಿರುತ್ತದೆ. ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿ ಹೆಸರಾದ ಮನೆ ಅದು. ಹೊಟ್ಟೆತುಂಬ ಉಂಡು ಏರಬಾರದೆಂದು ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಅಲ್ಲಿಂದಾಚೆ ಬೋಳು ಹುಲ್ಲುಗುಡ್ಡ, ತಲೆಗೆ ನೆರಳಿಲ್ಲ. ಕಲ್ಲುಮಂಟಪ ದಾಟಿ ಶೇಷಪರ್ವತ ಹತ್ತಿದರೆ ತುದಿ ಇದೇ ಎನಿಸುತ್ತದೆ. ಅಲ್ಲ. ಮತ್ತೆ ಇಳಿದು, ಶೋಲಾ ಕಾಡು ಹೊಕ್ಕು, ಬಂಡೆ ಹತ್ತಬೇಕು. ಮಂಜು ಕೂತ ಬಂಡೆಯಲ್ಲಿ ಹೆಜ್ಜೆ ಸಣ್ಣದಾದಷ್ಟೂ ಒಳ್ಳೆಯದು.

ಆದರೆ ಮನೆಗೆ ಬಂದ ಮೇಲೆ ಕಾಡುವುದು ಏರಲ್ಲ, ಇಳಿತ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಿರುವಾಗಲೇ ಬಿಗಿಹಿಡಿದು ಮೈಭಾರವನ್ನು ತಡೆಯಬೇಕು. ಉಸಿರಿಗೆ ತ್ರಾಸವಿಲ್ಲದ್ದರಿಂದ ಆಗ ಗೊತ್ತಾಗುವುದಿಲ್ಲ. ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಹರುಕುಗಳಾಗಿ ಮರುದಿನ, ಅದಕ್ಕಿಂತ ಹೆಚ್ಚಾಗಿ ಅದರ ಮರುದಿನ, ಮನೆಯ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಗುತ್ತದೆ. ಮೊಣಕಾಲನ್ನು ತುಸು ಬಾಗಿಸಿ, ಹೆಜ್ಜೆ ಕಿರಿದು ಮಾಡಿ ಇಳಿದರೆ ನೋವು ಕಡಿಮೆ. ವಾರಕ್ಕೊಮ್ಮೆ ಹತ್ತಿರದ ಗುಡ್ಡ ಇಳಿದು ರೂಢಿಯಿದ್ದರೆ ಇನ್ನೂ ಕಡಿಮೆ. ರಸ್ತೆ ಓಟದಲ್ಲಿ ಈ ಅಭ್ಯಾಸ ಆಗುವುದೇ ಇಲ್ಲ.

ಪರ್ವತಕ್ಕೆ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದಲೂ ದಾರಿಯಿದೆ. ಆ ಊರು ಮೊದಲೇ ಎತ್ತರದಲ್ಲಿರುವುದರಿಂದ ಏರು ಕಡಿಮೆ ಎಂದು ಅನೇಕರು ಅಲ್ಲಿ ಹತ್ತಿ ಕುಕ್ಕೆಗೆ ಇಳಿಯುತ್ತಾರೆ. ಮೊಣಕಾಲಿನ ಚಿಂತೆ ಇರುವವರಿಗೆ ನನ್ನ ಸಲಹೆ ತಿರುಗಾಮುರುಗಾ: ಕುಕ್ಕೆಯಲ್ಲಿ ಬೆಳಗ್ಗೆ ಬೇಗ ಹತ್ತಿ, ಬೀದಳ್ಳಿಗೆ ಇಳಿಯಿರಿ. ಎರಡೂ ಕಡೆ ಅರಣ್ಯ ಇಲಾಖೆಯ ಅನುಮತಿ ಬೇಕು. ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಲು ಬಿಡುತ್ತಾರೋ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.