ಪೈಥಾನ್‌ನಲ್ಲಿ ಯುನೀಕ್ ಐಡಿ: ಯುಯುಐಡಿ 1, 4, 7ರಲ್ಲಿ ಯಾವುದು, ಯಾವಾಗ?

ನಿಮ್ಮ ಆ್ಯಪ್‌ನ ಬಿಲ್ ಲಿಂಕ್ 1041 ಅಂತ ಮುಗಿಯುತ್ತೆ ಅಂದ್ಕೊಳ್ಳಿ. ಯಾರೋ ಅದನ್ನ 1042 ಅಂತ ಬದಲಾಯಿಸಿದ್ರು, ಇನ್ನೊಬ್ಬರ ಬಿಲ್ ತೆರೆದುಕೊಳ್ತು! ಸಾಲಾಗಿ ನಂಬರ್ ಕೊಡೋದರ ಮೊದಲ ಅಪಾಯ ಇದು. ಎರಡನೆಯದು, ನಾಲ್ಕು ಡೇಟಾಬೇಸ್‌ಗಳು ತಮ್ಮ ಪಾಡಿಗೆ ನಂಬರ್ ಕೊಡ್ತಿದ್ರೆ ಎಲ್ಲದರಲ್ಲೂ ಒಂದೊಂದು 1042 ಇರುತ್ತೆ.

ಇದಕ್ಕೆ ಪರಿಹಾರ ಯುಯುಐಡಿ. ಇದು 128 ಬಿಟ್‌ಗಳ ಐಡಿ. ಯಾರನ್ನೂ ಕೇಳದೆ ಪ್ರತಿ ಮೆಷೀನ್ ತಾನೇ ಸೃಷ್ಟಿಸಬಹುದು. ಪೈಥಾನ್‌ನಲ್ಲಿ ಇದರ ಮಾಡ್ಯೂಲ್ ಭಾಷೆಯ ಜೊತೆಗೇ ಬರುತ್ತೆ. ಅದರಲ್ಲಿ ಯಾವ ಫಂಕ್ಷನ್ ಕರೀಬೇಕು ಅನ್ನೋದೇ ಪ್ರಶ್ನೆ.

ಯುಯುಐಡಿ1: ಸಮಯದ ಜೊತೆ ಸಾಮಾನ್ಯವಾಗಿ ಮೆಷೀನ್‌ನ ಮ್ಯಾಕ್ ಅಡ್ರೆಸ್ ಸೇರಿಸುತ್ತೆ. ಅಂದ್ರೆ ಐಡಿ ಎಲ್ಲಿ, ಯಾವಾಗ ಹುಟ್ಟಿತು ಅನ್ನೋದು ಐಡಿಯಲ್ಲೇ ಇರುತ್ತೆ. ಹೊರಗಿನವರಿಗೆ ಕಾಣೋ ಕಡೆ ಇದು ಬೇಡ.

ಯುಯುಐಡಿ4: 122 ಬಿಟ್ ರ‍್ಯಾಂಡಮ್. ಸೆಕೆಂಡಿಗೆ 100 ಕೋಟಿಯಂತೆ ಸುಮಾರು 86 ವರ್ಷ ಸೃಷ್ಟಿಸ್ತಾ ಹೋದ್ರೆ, ಆಗ ಎರಡು ಐಡಿ ಒಂದೇ ಆಗಿರೋ ಸಾಧ್ಯತೆ ಶೇ. 50. ಹಾಗಾಗಿ ಡಿಕ್ಕಿಯ ಚಿಂತೆ ಬಿಡಿ. ಆದರೆ ಇದಕ್ಕೆ ಕ್ರಮ ಇಲ್ಲ. ಪ್ರತಿ ಹೊಸ ಸಾಲು ಬಿ-ಟ್ರೀ ಇಂಡೆಕ್ಸ್‌ನಲ್ಲಿ ಎಲ್ಲೆಲ್ಲೋ ಹೋಗಿ ಕೂರುತ್ತೆ. ಟೇಬಲ್ ದೊಡ್ಡದಾದಷ್ಟೂ ಇನ್ಸರ್ಟ್ ನಿಧಾನವಾಗುತ್ತೆ.

ಯುಯುಐಡಿ7: 2024ರ ಮೇನಲ್ಲಿ ಬಂದ ಆರ್‌ಎಫ್‌ಸಿ 9562 ಇದನ್ನ ಸ್ಟ್ಯಾಂಡರ್ಡ್ ಮಾಡ್ತು. ಮೊದಲ 48 ಬಿಟ್‌ಗಳಲ್ಲಿ ಮಿಲಿಸೆಕೆಂಡ್ ಲೆಕ್ಕದ ಸಮಯ, ಉಳಿದದ್ದು ಬಹುಪಾಲು ರ‍್ಯಾಂಡಮ್. ಹೊಸ ಐಡಿಗಳು ಇಂಡೆಕ್ಸ್‌ನ ಕೊನೆಯಲ್ಲೇ ಸೇರ್ತವೆ. ಪೈಥಾನ್ 3.14ರಿಂದ ಇದು ಮಾಡ್ಯೂಲ್‌ನಲ್ಲೇ ಇದೆ. ಆದರೆ ದಾಖಲೆ ಯಾವಾಗ ಸೃಷ್ಟಿಯಾಯ್ತು ಅನ್ನೋದನ್ನ ಐಡಿ ನೋಡಿ ಯಾರು ಬೇಕಾದ್ರೂ ತಿಳ್ಕೋಬಹುದು.

ಒಟ್ಟಿನಲ್ಲಿ ದೊಡ್ಡ ಟೇಬಲ್‌ನ ಪ್ರೈಮರಿ ಕೀಗೆ 7, ಸಮಯ ಕಾಣಬಾರದು ಅನ್ನೋ ಕಡೆ 4. ಡೇಟಾಬೇಸ್‌ನಲ್ಲಿ ಯುಯುಐಡಿ ಟೈಪ್ ಇದ್ರೆ ಅದನ್ನೇ ಬಳಸಿ. ಹಾಗೆ ಇಟ್ರೆ 16 ಬೈಟ್ ಸಾಕು, ಪಠ್ಯವಾಗಿ ಇಟ್ರೆ 36 ಅಕ್ಷರ.

ಕೊನೆಯದಾಗಿ, ಐಡಿ ಪಾಸ್‌ವರ್ಡ್ ಅಲ್ಲ! ಅದು ಹೆಸರಿದ್ದ ಹಾಗೆ, ಬೀಗದ ಕೀ ಅಲ್ಲ. ಊಹಿಸೋಕೆ ಆಗಲ್ಲ ಅಂತ ಅನುಮತಿ ಪರೀಕ್ಷೆ ಬಿಡಬೇಡಿ. ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆದ ಲಿಂಕನ್ನ ಊಹಿಸೋ ಅಗತ್ಯವೇ ಇಲ್ಲ ನೋಡಿ. ಈ ಬಿಲ್ ಕೇಳ್ತಿರೋರು ಅದರ ಮಾಲೀಕರೇನಾ ಅಂತ ಸರ್ವರ್ ಪ್ರತಿ ಸಲ ನೋಡ್ಲೇಬೇಕು. ಪಾಸ್‌ವರ್ಡ್ ರೀಸೆಟ್ ಟೋಕನ್ ಬೇಕಾದ್ರೆ ಪೈಥಾನ್‌ನ ಸೀಕ್ರೆಟ್ಸ್ ಮಾಡ್ಯೂಲ್ ಬಳಸಿ.

ನಿಮ್ಮ ಪ್ರಾಜೆಕ್ಟ್‌ನಲ್ಲಿ ಯಾವುದಿದೆ, ಇವತ್ತೇ ಒಮ್ಮೆ ತೆರೆದು ನೋಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.